ನಿಮ್ಮ ನೆಲ ಮಟ್ಟವಾಗಿದೆಯಾ?

(ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಚಿತ್ರದುರ್ಗದಲ್ಲಿ ಪ್ರೌಢಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ವಿಜ್ಞಾನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)

ನಮ್ಮ ಶಾಲೆಯ ಮಕ್ಕಳು ಮೊದಲ ಸಲ ಬೇರೆ ದೇಶದ ಮಕ್ಕಳ ಜೊತೆ ಆನ್‌ಲೈನ್‌ನಲ್ಲಿ ಕೂತ ದಿನ ನನಗೆ ಚೆನ್ನಾಗಿ ನೆನಪಿದೆ. ಆ ಕಡೆ ಯುರೋಪಿನ ಒಂದು ಶಾಲೆ. ನಾವು ಹದಿನೈದು ದಿನ ತಯಾರಿ ಮಾಡಿದ್ದೆವು. ಸ್ಲೈಡ್‌ಗಳಲ್ಲಿ ಏಳು ಸುತ್ತಿನ ಕೋಟೆ ಇತ್ತು, ಓಬವ್ವನ ಕಿಂಡಿ ಇತ್ತು, ವಾಣಿವಿಲಾಸ ಸಾಗರ ಇತ್ತು. ಕೊನೆಗೆ ಒಂದು ಸೌರ ಒಲೆ. ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರು. ಆಮೇಲೆ ಅವರು ತಮ್ಮ ಸ್ಲೈಡ್ ತೋರಿಸಿದರು. ಎರಡೂ ಕಡೆ ಚಪ್ಪಾಳೆ. ಒಂದು ಫೋಟೋ. ಮುಗಿಯಿತು.

ಮಾರನೇ ದಿನ ತರಗತಿಯಲ್ಲಿ ಕೇಳಿದೆ: "ಅವರ ಪ್ರಾಜೆಕ್ಟ್ ಏನಿತ್ತು, ಯಾರಾದರೂ ಹೇಳ್ತೀರಾ?" ಒಬ್ಬರೂ ಬಾಯಿ ಬಿಡಲಿಲ್ಲ. ಕಿಟಕಿ ಪಕ್ಕದ ಹುಡುಗ ಮಾತ್ರ, "ಅವರ ಕ್ಲಾಸ್‌ರೂಮಲ್ಲಿ ಫ್ಯಾನ್ ಇರಲಿಲ್ಲ ಮೇಡಂ" ಅಂದ. ಹದಿನೈದು ದಿನದ ತಯಾರಿಯಲ್ಲಿ ನಿಜವಾಗಿ ಏನನ್ನಾದರೂ ಗಮನಿಸಿದ್ದವನು ಅವನೊಬ್ಬನೇ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಷ್ಟು ದೂರದ ಮಕ್ಕಳು ನಮ್ಮ ಮುಂದೆ ಕೂತಿದ್ದರು. ನಾವು ಅವರಿಗೆ ಒಂದೂ ಪ್ರಶ್ನೆ ಕೇಳಲಿಲ್ಲ, ಅವರೂ ಕೇಳಲಿಲ್ಲ. ನಾವು ಮಾಡಿದ್ದು ಪ್ರದರ್ಶನ. ಅದರಲ್ಲಿ ವಿನಿಮಯ ಇರಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು. ಎರಡು ಶಾಲೆಗಳು ತಮ್ಮ ತಮ್ಮ ಪ್ರಾಜೆಕ್ಟ್ ತಂದು ತೋರಿಸಿದರೆ ಸಾಲದು. ಕೆಲಸ ಒಂದೇ ಆಗಿರಬೇಕು. ಅದರಲ್ಲಿ ಅರ್ಧ ನಮ್ಮ ಕೈಯಲ್ಲಿ, ಅರ್ಧ ಅವರ ಕೈಯಲ್ಲಿ ಇರಬೇಕು. ಅವರ ಅಳತೆ ಬರದೆ ನಮ್ಮ ಲೆಕ್ಕ ಮುಗಿಯಬಾರದು. ಆಗ ಮಾತ್ರ ಮಕ್ಕಳು ಕಾಯ್ತಾರೆ, ಕೇಳ್ತಾರೆ, ಜಗಳ ಆಡ್ತಾರೆ.

ಅಂಥ ಕೆಲಸ ಯಾವುದು? ಬಹಳ ಹಳೆಯದೊಂದು ಇದೆ, ನಿಮಗೆಲ್ಲ ಗೊತ್ತಿರುವುದೇ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಕಂಡುಹಿಡಿದದ್ದು. ಈಜಿಪ್ಟಿನ ಸಯೀನ್ ಊರಲ್ಲಿ, ಅಂದರೆ ಈಗಿನ ಆಸ್ವಾನ್‌ನಲ್ಲಿ, ವರ್ಷದ ಒಂದು ದಿನ ನಡುಹಗಲಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತಾನೆ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ಆ ನೆರಳಿನ ಕೋನ 7.2 ಡಿಗ್ರಿ. ಅಂದರೆ ಇಡೀ ವೃತ್ತದ ಐವತ್ತನೇ ಒಂದು ಪಾಲು. ಎರಡು ಊರಿನ ನಡುವಿನ ದೂರ 5,000 ಸ್ಟೇಡಿಯಾ (ಆ ಕಾಲದ ದೂರದ ಅಳತೆ), ಅದನ್ನು ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತು. ಎರಡು ಊರು, ಒಂದು ಕೋಲು, ಒಂದು ದಿನ, ಅಷ್ಟೇ. ಒಂದೇ ಊರಲ್ಲಿ ಕೂತು ಈ ಲೆಕ್ಕ ಮಾಡೋಕೆ ಆಗಲ್ಲ, ಇನ್ನೊಂದು ಊರು ಬೇಕೇ ಬೇಕು. ನನಗೆ ಬೇಕಾದದ್ದೂ ಇಂಥದ್ದೇ.

ಶಿಕ್ಷಕರ ಆನ್‌ಲೈನ್ ತರಬೇತಿಯೊಂದರಲ್ಲಿ ಕಜಾಕಸ್ತಾನದ ಅಲ್ಮಾಟಿಯ ಭೌತಶಾಸ್ತ್ರ ಶಿಕ್ಷಕಿಯೊಬ್ಬರ ಪರಿಚಯ ಆಯಿತು. ಭೂಪಟ ತೆಗೆದು ನೋಡಿದೆ. ಚಿತ್ರದುರ್ಗ ಇರುವುದು 14.2 ಡಿಗ್ರಿ ಉತ್ತರ ಅಕ್ಷಾಂಶ, 76.4 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಲ್ಮಾಟಿ 43.2 ಉತ್ತರ, 76.9 ಪೂರ್ವ. ಗಮನಿಸಿದಿರಾ? ರೇಖಾಂಶ ಹೆಚ್ಚುಕಡಿಮೆ ಒಂದೇ! ಈ ಲೆಕ್ಕಕ್ಕೆ ಬೇಕಾದದ್ದೂ ಅದೇ, ಒಂದು ಊರಿನ ನೇರ ಉತ್ತರಕ್ಕೆ ಇನ್ನೊಂದು ಊರು. ನಮ್ಮ ಕೋಟೆಯಿಂದ ನೇರ ಉತ್ತರಕ್ಕೆ ಗೆರೆ ಎಳೆಯುತ್ತಾ ಹೋದರೆ, ದೆಹಲಿಯ ಪಕ್ಕದಲ್ಲಿ ಹಾದು, ಹಿಮಾಲಯ ದಾಟಿ ಅಲ್ಮಾಟಿಯ ಹತ್ತಿರ ಮುಟ್ಟುತ್ತೀರಿ. ದೂರ ಸುಮಾರು 3,220 ಕಿಲೋಮೀಟರ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜವಾಗಿ ಹೇಳ್ತಿದ್ದೀನಿ.

ಮಾರ್ಚ್ 21 ಅಂತ ದಿನ ಗೊತ್ತುಮಾಡಿದೆವು. ಗೊತ್ತುಮಾಡಿದ ಮೇಲೆ ತೊಂದರೆಗಳು ಒಂದೊಂದಾಗಿ ಬಂದವು. ಮಾರ್ಚ್ ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಶಾಲೆ ಪರೀಕ್ಷಾ ಕೇಂದ್ರ, ಆವರಣದೊಳಗೆ ಕಾಲಿಡುವ ಹಾಗಿಲ್ಲ. ಅವರಿಗೆ ಅದೇ ದಿನ ನೌರಿಜ್, ಹೊಸ ವರ್ಷದ ಹಬ್ಬ, ಶಾಲೆಗೆ ರಜೆ. ಹಗಲು ರಾತ್ರಿ ಸಮನಾಗುವ ಹೊತ್ತಿಗೆ ಬರುವ ಹಬ್ಬ ಅದು. ನಮ್ಮ ಯುಗಾದಿಯೂ ಆ ಆಸುಪಾಸಿನಲ್ಲೇ ಬರುತ್ತೆ ಅಲ್ವಾ? ಅವರ ಮಕ್ಕಳು ಹಬ್ಬದ ದಿನವೂ ಶಿಕ್ಷಕಿಯ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸೇರಲು ಒಪ್ಪಿದರು. ಇಲ್ಲಿ ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ, "ನಮ್ಮನೆ ತಾರಸಿ ಮೇಲೆ ಮಾಡೋಣ ಮೇಡಂ" ಅಂದಳು. ಅವಳ ತಂದೆ ಗಾರೆ ಮೇಸ್ತ್ರಿ. ಮನೆ ಅವರೇ ಕಟ್ಟಿಕೊಂಡದ್ದು.

ಒಂದು ಮೀಟರ್ ಕೋಲು, ಒಂದು ಟೇಪು, ಸೀಮೆಸುಣ್ಣ, ನನ್ನ ಫೋನು. ಮಕ್ಕಳಿಗೆ ಹೇಳಿದ್ದೆ, ಹನ್ನೆರಡಕ್ಕೆ ಶುರು ಮಾಡಿ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ ಅಂತ. ಹನ್ನೆರಡಕ್ಕೇ ನೆರಳು ಅತಿ ಚಿಕ್ಕದಾಗುತ್ತೆ ಅಂತ ಎಲ್ಲರೂ ನಂಬಿಕೊಂಡಿದ್ದರು. ಆಗಲಿಲ್ಲ. 12:10 ಆಯಿತು, 12:20 ಆಯಿತು, ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ತಿರುಗಿದ್ದು ಸುಮಾರು 12:32ಕ್ಕೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ನಾವಿರುವುದು ಅದರಿಂದ ಆರು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತನಾಲ್ಕು ನಿಮಿಷ ಅಲ್ಲೇ ಆಯಿತು. ಮಾರ್ಚ್ 21ರ ಹೊತ್ತಿಗೆ ಸೂರ್ಯ ಗಡಿಯಾರಕ್ಕಿಂತ ಏಳು ನಿಮಿಷ ತಡ, ಅದೂ ಸೇರಿತು. ಪಾಠದಲ್ಲಿ ನಾನು ಇದನ್ನು ಎಷ್ಟೋ ವರ್ಷದಿಂದ ಹೇಳಿದ್ದೇನೆ. ಬಿಸಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ, "ಇನ್ನೂ ಕುಗ್ತಿದೆ ಮೇಡಂ, ಇನ್ನೂ ಕುಗ್ತಿದೆ" ಅಂತ ಮಕ್ಕಳು ಕೂಗಿದಾಗ ಅದು ಅವರದಾಯಿತು.

ನಮ್ಮ ಅತಿ ಚಿಕ್ಕ ನೆರಳು 26.2 ಸೆಂಟಿಮೀಟರ್. ಅಲ್ಮಾಟಿಯದು 92.9. ಕೋನ ತೆಗೆದರೆ ನಮ್ಮದು 14.68 ಡಿಗ್ರಿ, ಅವರದು 42.89. ವ್ಯತ್ಯಾಸ 28.21. ಮುನ್ನೂರ ಅರವತ್ತನ್ನು ಅದರಿಂದ ಭಾಗಿಸಿ 3,220ರಿಂದ ಗುಣಿಸಿದೆವು. ಬಂದದ್ದು 41,090 ಕಿಲೋಮೀಟರ್ ಚಿಲ್ಲರೆ. ಧ್ರುವಗಳ ಮೇಲೆ ಹಾದುಹೋಗುವ ಭೂಮಿಯ ಸುತ್ತಳತೆ ಸುಮಾರು 40,008. ಸಾವಿರದ ಎಂಬತ್ತು ಕಿಲೋಮೀಟರ್ ಜಾಸ್ತಿ.

ಮಕ್ಕಳು ಕುಣಿದರು. ನೂರಕ್ಕೆ ಮೂರೂ ತಪ್ಪಿಲ್ಲ, ಇಷ್ಟು ಹತ್ತಿರ ಬಂದೆವು ಅಂತ. ನನಗೂ ಖುಷಿಯೇ. ಅಲ್ಲಿಗೇ ಬಿಟ್ಟಿದ್ದರೆ ಇವತ್ತು ನಾನು ನಿಮ್ಮ ಮುಂದೆ ಇದನ್ನು ಹೇಳುತ್ತಿರಲಿಲ್ಲ.

ಸಂಜೆ ವಿಡಿಯೋ ಕರೆಯಲ್ಲಿ ಕೂತಾಗ ಅಲ್ಮಾಟಿಯ ಒಬ್ಬ ಹುಡುಗ, ಹದಿನಾಲ್ಕು ವರ್ಷ ಇರಬಹುದು, ಕೇಳಿದ: "ನಿಮ್ಮ ನೆಲ ಮಟ್ಟವಾಗಿದೆಯಾ?" ನಮ್ಮವರು ಒಟ್ಟಿಗೆ, "ಹೌದು, ತಾರಸಿ, ಸಿಮೆಂಟಿನ ನೆಲ" ಅಂದರು. ಅವನು ಬಿಡಲಿಲ್ಲ. "ಹೇಗೆ ಗೊತ್ತು?" ಅಂದ.

ಈ ಎರಡು ಪದ ನೋಡಿ. ಹೇಗೆ ಗೊತ್ತು? ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರುವುದಿಲ್ಲ. ನಾವು ಶಿಕ್ಷಕರು ಕೇಳುವುದು "ಉತ್ತರ ಏನು?" ಅಂತ. ಪರೀಕ್ಷೆ ಕೇಳುವುದೂ ಅದನ್ನೇ. ಆ ಹುಡುಗನಿಗೆ ನಮ್ಮ ತಾರಸಿ ಕಾಣುತ್ತಿರಲಿಲ್ಲ. ಅವನು ಅದರ ಮೇಲೆ ನಿಂತಿರಲಿಲ್ಲ. ಹಾಗಾಗಿಯೇ ಅವನಿಗೆ ಆ ಪ್ರಶ್ನೆ ಬಂತು. ನಮಗೆ ಬರಲಿಲ್ಲ, ಯಾಕಂದರೆ ನಾವು ಅದರ ಮೇಲೇ ನಿಂತಿದ್ದೆವು.

ಮೇಸ್ತ್ರಿಯ ಮಗಳು ಎದ್ದಳು. ತಮ್ಮನ ಡಬ್ಬಿಯಿಂದ ಒಂದು ಗೋಲಿ ತಂದಳು. ಫೋನನ್ನು ಗೆಳತಿಯ ಕೈಗೆ ಕೊಟ್ಟು, ತಾರಸಿಯ ನಡುವೆ ಗೋಲಿ ಇಟ್ಟು ಕೈಬಿಟ್ಟಳು. ಅದು ಒಂದು ಕ್ಷಣ ನಿಂತ ಹಾಗೆ ಕಂಡಿತು. ಆಮೇಲೆ ನಿಧಾನಕ್ಕೆ ಅಲ್ಲಾಡಿತು. ಹೊರಟಿತು. ಹೋಗ್ತಾ ಹೋಗ್ತಾ ಜೋರಾಯಿತು, ಉತ್ತರದ ಗೋಡೆಯ ಮೂಲೆಯಲ್ಲಿದ್ದ ಮಳೆನೀರಿನ ಪೈಪಿನ ಬಾಯಿಗೆ ಟಣ್ ಅಂತ ಹೊಡೆಯಿತು. ಮೂರು ಸಾವಿರ ಕಿಲೋಮೀಟರ್ ಆಚೆಯೂ ಅದು ಕೇಳಿಸಿರಬೇಕು, ಆ ಕಡೆಯವರೆಲ್ಲ ಜೋರಾಗಿ ನಕ್ಕರು. ನಮ್ಮವರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಪೈಪಿನ ಹತ್ತಿರ ಕೂತು ನೆಲವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಕೆಲಸ ಮುಗಿಸಿ ಅವಳ ತಂದೆ ಬಂದರು. ವಿಷಯ ಕೇಳಿ ಹೇಳಿದರು: "ತಾರಸಿ ಯಾವತ್ತೂ ಮಟ್ಟ ಇರಲ್ಲ ಮೇಡಂ. ವಾಟ ಕೊಡಲೇಬೇಕು. ಇಲ್ಲಾಂದ್ರೆ ಮಳೆನೀರು ನಿಂತು ಸೋರುತ್ತೆ. ನಾನೇ ಕೊಟ್ಟಿದ್ದು, ಮೀಟರಿಗೆ ಒಂದೂವರೆ ಸೆಂಟಿಮೀಟರ್ ಹತ್ತಿರ ಇರಬೇಕು." ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ನಮ್ಮ ಮಕ್ಕಳು ಮೂಲೆಮಟ್ಟ ಇಟ್ಟು ಕೋಲನ್ನು ನೆಲಕ್ಕೆ ಸರಿಯಾಗಿ ತೊಂಬತ್ತು ಡಿಗ್ರಿಗೆ ನಿಲ್ಲಿಸಿದ್ದರು. ನೆಲವೇ ಉತ್ತರಕ್ಕೆ ವಾಲಿದ್ದರೆ ಕೋಲೂ ಉತ್ತರಕ್ಕೆ ವಾಲಿತು. ನೆರಳು ಬೀಳುತ್ತಿದ್ದುದೂ ಉತ್ತರಕ್ಕೇ. ಹಾಗಾಗಿ ನೆರಳು ಒಂದೂವರೆ ಸೆಂಟಿಮೀಟರ್ ಉದ್ದವಾಯಿತು. ಆ ಸಾವಿರದ ಎಂಬತ್ತು ಕಿಲೋಮೀಟರ್ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ಮಳೆ ನೀರಿಗೆ ಕೊಟ್ಟ ವಾಟದಿಂದ.

ನಾನು ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಆ ಸಂಜೆ ನನ್ನ ತರಗತಿಯ ದೊಡ್ಡ ಗುರು ಆ ಮೇಸ್ತ್ರಿ. ಮಗಳು ತಂದೆಯನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. "ನಮ್ಮಪ್ಪಂಗೆ ಇದೆಲ್ಲ ಗೊತ್ತು" ಅಂತ ಕ್ಯಾಮೆರಾ ಕಡೆ ತಿರುಗಿ ಹೇಳಿದಳು, ಕನ್ನಡದಲ್ಲೇ.

ಮಾರ್ಚ್ 24ಕ್ಕೆ ಮತ್ತೆ ಅಳೆದೆವು. ಇಲ್ಲೊಂದು ವಿಷಯ ಹೇಳಬೇಕು, ನಿಮ್ಮಲ್ಲಿ ಇದನ್ನು ಮಾಡುವವರಿಗೆ ಉಪಯೋಗ. ಇದಕ್ಕೆ ಹಗಲು ರಾತ್ರಿ ಸಮನಾದ ದಿನವೇ ಆಗಬೇಕೆಂದಿಲ್ಲ. ನಮ್ಮ ನೆತ್ತಿ ದಾಟದ ತನಕ ಸೂರ್ಯ ಎಷ್ಟು ಉತ್ತರಕ್ಕೆ ಸರಿದರೂ ಎರಡು ಊರಿನ ಕೋನವೂ ಅಷ್ಟೇ ಕಡಿಮೆ ಆಗುತ್ತೆ, ವ್ಯತ್ಯಾಸ ಹಾಗೇ ಉಳಿಯುತ್ತೆ. ಎರಡೂ ಕಡೆ ಒಂದೇ ದಿನ ಅಳೆದರೆ ಸಾಕು. ಈ ಸಲ ಮೇಸ್ತ್ರಿಯೇ ರಸಮಟ್ಟ ತಂದರು. ಒಂದು ಹಲಗೆ ಹಾಕಿ, ಕೆಳಗೆ ಹೆಂಚಿನ ಚೂರು ಕೊಟ್ಟು, ಗುಳ್ಳೆ ನಡುವೆ ಬಂದು ನಿಲ್ಲುವ ತನಕ ಸರಿ ಮಾಡಿದರು. ಕೋಲಿನ ಪಕ್ಕ ತೂಗುಗುಂಡು ಇಳಿಬಿಟ್ಟು ಮಕ್ಕಳು ಕೋಲನ್ನು ದಾರಕ್ಕೆ ಸರಿಹೊಂದಿಸಿದರು. ನಮ್ಮ ನೆರಳು 23.1, ಅಲ್ಮಾಟಿಯದು 89.5. ಸುತ್ತಳತೆ 40,220 ಕಿಲೋಮೀಟರ್.

ಇನ್ನೂ ಇನ್ನೂರು ಕಿಲೋಮೀಟರ್ ಜಾಸ್ತಿ ಇದೆ ನೋಡಿ. ಈ ಸಲ ಯಾರೂ ಕುಣಿಯಲಿಲ್ಲ, ಎಲ್ಲರೂ ಲೆಕ್ಕಕ್ಕೆ ಕೂತರು. ನಮ್ಮ ನೆರಳಿನ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಎಷ್ಟು ಬದಲಾಗುತ್ತೆ? ಒಬ್ಬ ಹುಡುಗ ಮಾಡಿ ತೋರಿಸಿದ: ಸುಮಾರು 75 ಕಿಲೋಮೀಟರ್. ಇಲ್ಲಿಂದ ದಾವಣಗೆರೆ ದಾಟಿ ಹರಿಹರ ಮುಟ್ಟುವಷ್ಟು ದೂರ, ಟೇಪಿನ ಮೇಲಿನ ಒಂದು ಸಣ್ಣ ಗೀಟಿನಲ್ಲಿ! ಆಮೇಲೆ ಅಲ್ಮಾಟಿಯ ಒಬ್ಬ ಹುಡುಗಿ ಇನ್ನೊಂದು ಪ್ರಶ್ನೆ ತೆಗೆದಳು. ನೆರಳಿನ ತುದಿ ಅಂದರೆ ಯಾವುದು? ಕಪ್ಪು ಮುಗಿಯುವ ಜಾಗವೋ, ಮಬ್ಬು ಮುಗಿಯುವ ಜಾಗವೋ? ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ಅಂಚು ಒಂದು ಸೆಂಟಿಮೀಟರಿನಷ್ಟು ಮಬ್ಬಾಗಿರುತ್ತೆ. ನಾವು ಒಂದು ಕಡೆ ಗುರುತು ಹಾಕಿ, ಅವರು ಇನ್ನೊಂದು ಕಡೆ ಹಾಕಿದ್ದರೆ? ಅದಕ್ಕೆ ಎರಡೂ ಶಾಲೆ ಸೇರಿ ಒಂದು ನಿಯಮ ಬರೆದುಕೊಂಡೆವು: ಮಬ್ಬಿನ ನಡುವೆ ಗುರುತು, ಮೂರು ಜನ ಬೇರೆ ಬೇರೆಯಾಗಿ ಓದಬೇಕು, ಮೂರೂ ಓದನ್ನು ಬರೆಯಬೇಕು, ಅಳಿಸುವ ಹಾಗಿಲ್ಲ. ಆ ಕಾಗದ ಈಗಲೂ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದೆ. ಒಂದು ಬದಿ ಕನ್ನಡ, ಒಂದು ಬದಿ ರಷ್ಯನ್.

ಭಾಷೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮದ ಶಿಕ್ಷಕರು ನನ್ನನ್ನು ಮೊದಲು ಕೇಳುವುದೇ ಇದನ್ನ: "ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ?" ನಾನು ಹೇಳುವುದು, ಇಂಗ್ಲಿಷ್ ಮನೆಮಾತಾಗಿರುವ ಶಾಲೆಯನ್ನು ಹುಡುಕಬೇಡಿ. ಅಲ್ಮಾಟಿಯ ಮಕ್ಕಳಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಎರಡೂ ಕಡೆ ತಡವರಿಸುತ್ತಾರೆ, ಹಾಗಾಗಿ ಎರಡೂ ಕಡೆ ನಾಚಿಕೆ ಬೇಗ ಹೋಗುತ್ತೆ. ನಮ್ಮ ಮಕ್ಕಳು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿದ್ದರು. ಆಮೇಲೆ ಫೋನಿನಲ್ಲಿ ಅನುವಾದ. ಅದೂ ಕೈಕೊಟ್ಟಾಗ ಚಿತ್ರ. ವಾಟ ಅನ್ನುವುದನ್ನು ಯಾವ ಅನುವಾದದ ಆಪೂ ಹೇಳಿಕೊಡಲಿಲ್ಲ. ಒಂದು ಓರೆ ಗೆರೆ, ಅದರ ಮೇಲೊಂದು ಗೋಲಿ, ಒಂದು ಬಾಣ ಬರೆದು ತೋರಿಸಿದರು. ಆ ಕಡೆ ಎಲ್ಲರ ತಲೆ ಒಟ್ಟಿಗೆ ಆಡಿತು. ಮೊದಲ ಸಲ ಬಾಯಿಪಾಠ ಒಪ್ಪಿಸಿದ ಇಬ್ಬರಿಗಿಂತ ಈ ಸಲ ಇಂಗ್ಲಿಷ್ ಬಾರದ ಹನ್ನೊಂದು ಮಕ್ಕಳು ಜಾಸ್ತಿ ಮಾತಾಡಿದರು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಅಲ್ಮಾಟಿಯ ಶಿಕ್ಷಕಿ ಒಮ್ಮೆ ಅಲ್ ಬಿರೂನಿಯ ವಿಷಯ ತೆಗೆದರು. ಬಿರೂನಿ ಮಧ್ಯ ಏಷ್ಯಾದ ಖ್ವಾರಜಂನವನು. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡಕ್ಕೆ ಬಂದು, ಪಂಜಾಬಿನ ನಂದನ ಎಂಬ ಕೋಟೆಯ ಗುಡ್ಡದ ಮೇಲೆ ನಿಂತು ಭೂಮಿಯ ಅಳತೆ ತೆಗೆದ. ಅವನ ಉಪಾಯ ಬೇರೆ. ಗುಡ್ಡದ ಎತ್ತರ ಅಳೆದ, ತುದಿಯಲ್ಲಿ ನಿಂತು ದಿಗಂತ ಎಷ್ಟು ಕೆಳಗೆ ಕಾಣುತ್ತೆ ಅಂತ ಕೋನ ತೆಗೆದ, ಆ ಎರಡರಿಂದಲೇ ಭೂಮಿಯ ತ್ರಿಜ್ಯ ಲೆಕ್ಕ ಹಾಕಿದ. ಇನ್ನೊಂದು ಊರೇ ಬೇಡ! ಅವತ್ತಿನಿಂದ ನಮ್ಮ ಮಕ್ಕಳು ಜೋಗಿಮಟ್ಟಿ ಹತ್ತೋಣ ಅಂತ ಹಠ ಹಿಡಿದಿದ್ದಾರೆ. ನಮ್ಮ ದಿಗಂತ ಸಮತಟ್ಟಲ್ಲ, ಎಲ್ಲಿ ನೋಡಿದರೂ ಒಂದು ಗುಡ್ಡ, ಗುಡ್ಡದ ಮೇಲೊಂದು ಗಾಳಿಯಂತ್ರ. ಸರಿಯಾದ ಅಳತೆ ಬರುವುದು ಕಷ್ಟ. ಆದರೂ ಹತ್ತುತ್ತೇವೆ. ಯಾಕೆ ಬರಲಿಲ್ಲ ಅಂತ ಬರೆಯುವುದೂ ಒಂದು ವರದಿಯೇ.

ಇನ್ನು ಬೇರೆ ದಾರಿಗಳು. ಜೊತೆ ಶಾಲೆ ಸಿಗಲಿಲ್ಲ ಅಂತ ಸುಮ್ನೆ ಕೂರಬೇಕಾಗಿಲ್ಲ. ಗ್ಲೋಬ್ ಎಂಬ ಕಾರ್ಯಕ್ರಮ ಇದೆ. 1994ರಲ್ಲಿ ಘೋಷಣೆಯಾಗಿ 1995ರಲ್ಲಿ ಶುರುವಾದದ್ದು, ನಾಸಾದ ಬೆಂಬಲ ಇದೆ, 120ಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತ 2000ದಿಂದ ಇದೆ. ಮೋಡ, ಮಣ್ಣು, ನೀರು, ಮರದ ಎತ್ತರ ಹೀಗೆ ಏನೇನು ಹೇಗೆ ಅಳೆಯಬೇಕು ಅಂತ ನಿಯಮ ಬರೆದಿಟ್ಟಿದ್ದಾರೆ. ಲೋಕದ ಯಾವ ಮೂಲೆಯ ಶಾಲೆಯಾದರೂ ಅದೇ ನಿಯಮ. ನನಗೆ ಹಿಡಿಸಿದ್ದು ಮೋಡದ ಕೆಲಸ. ನಾಸಾದ ಉಪಗ್ರಹ ನಮ್ಮ ಮೇಲೆ ಹಾದುಹೋಗುವ ಹೊತ್ತಿಗೆ ಮಕ್ಕಳು ಕೆಳಗಿನಿಂದ ಮೋಡ ನೋಡಿ ಬರೆದು ಕಳಿಸಿದರೆ, ಅದೇ ಹೊತ್ತಿಗೆ ಉಪಗ್ರಹ ಮೇಲಿನಿಂದ ಏನು ಕಂಡಿತು ಅಂತ ಹೋಲಿಸಿ ಇಮೇಲ್ ಕಳಿಸುತ್ತಾರೆ. ಮೇಲೆ ಎತ್ತರದ ಮೋಡ ಇದ್ದರೆ ಅದರ ಕೆಳಗಿನದು ಉಪಗ್ರಹಕ್ಕೆ ಸರಿಯಾಗಿ ಕಾಣಲ್ಲ. ಚಳ್ಳಕೆರೆಯ ಹುಡುಗಿಗೆ ಕಾಣುತ್ತೆ.

ಕ್ಷುದ್ರಗ್ರಹ ಹುಡುಕುವ ಅಂತರರಾಷ್ಟ್ರೀಯ ಅಭಿಯಾನವೂ ಇದೆ, ಅಮೆರಿಕದ ಟೆಕ್ಸಾಸಿನ ಒಂದು ವಿಶ್ವವಿದ್ಯಾಲಯದಿಂದ ನಡೆಯುವುದು, ಶಾಲೆಗಳಿಗೆ ಉಚಿತ. ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕ ಆಕಾಶದ ಒಂದೇ ಜಾಗವನ್ನು ಕೆಲವು ನಿಮಿಷ ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಕಳಿಸುತ್ತಾರೆ. ಮಕ್ಕಳು ಅವನ್ನು ಒಂದರ ಮೇಲೊಂದು ಓಡಿಸಿ ನೋಡುತ್ತಾರೆ. ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಕ್ಷುದ್ರಗ್ರಹ ಸರಿಯುತ್ತೆ. ಚೆನ್ನಾದ ಕೆಲಸ. ಆದರೆ ಮಕ್ಕಳು ಒಂದು ಚುಕ್ಕಿ ಗುರುತಿಸಿದ ಕೂಡಲೇ "ಹೊಸ ಗ್ರಹ ಕಂಡುಹಿಡಿದ ವಿದ್ಯಾರ್ಥಿ" ಅಂತ ಪತ್ರಿಕೆಗೆ ಕೊಡಬೇಡಿ. ಅದು ಪ್ರಾಥಮಿಕ ಪತ್ತೆ. ಬೇರೆಯವರು ಮತ್ತೆ ಮತ್ತೆ ನೋಡಿ, ಕಕ್ಷೆ ಖಚಿತವಾಗಿ, ಅದಕ್ಕೆ ಸಂಖ್ಯೆ ಸಿಗಲು ವರ್ಷಗಳೇ ಹಿಡಿಯುತ್ತವೆ. ಆ ಕಾಯುವಿಕೆಯನ್ನು ಮಕ್ಕಳಿಗೆ ಹೇಳಿಕೊಡುವುದು ನಮ್ಮ ಕೆಲಸ.

ನಮ್ಮ ದೇಶದ್ದೇ ಆದ ಸೀಸನ್‌ವಾಚ್‌ನಲ್ಲಿ ಶಾಲೆಯ ಒಂದು ಹೊಂಗೆ ಮರವನ್ನೋ ಬೇವನ್ನೋ ಆರಿಸಿಕೊಂಡು ವಾರವಾರ ಚಿಗುರು, ಹೂವು, ಕಾಯಿ ದಾಖಲಿಸಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ಎಲ್ಲೆಡೆ ಹಕ್ಕಿ ಎಣಿಸುತ್ತಾರೆ, ಅದರಲ್ಲೂ ಸೇರಬಹುದು. ಇಲ್ಲಿಂದ ಶುರು ಮಾಡಿದರೆ ಜೊತೆಗಾರರು ತಾನಾಗಿ ಸಿಗುತ್ತಾರೆ.

ದಾವಣಗೆರೆಯಲ್ಲಿ ನನ್ನ ಗೆಳತಿಯೊಬ್ಬರ ಶಾಲೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರ ಇದ್ದವು, ದಾವಣಗೆರೆ ಅದರಲ್ಲಿ ಒಂದು. ಅವರ ಮಕ್ಕಳು ಬಿಳಿ ರಟ್ಟಿಗೆ ವ್ಯಾಸಲೀನ್ ಹಚ್ಚಿ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಒಂದು, ಕುಂದುವಾಡ ಕೆರೆ ಏರಿ ಮೇಲೆ ಒಂದು ತೂಗುಹಾಕಿದರು. ಒಂದು ದಿನ ಬಿಟ್ಟು ಭೂತಗನ್ನಡಿಯಲ್ಲಿ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಣ ಅಂತ ಎಣಿಸಿದರು. ಬೇರೆ ದೇಶದ ಒಂದು ಶಾಲೆಯೂ ಜೊತೆಗಿತ್ತು. ಎರಡನೇ ವಾರಕ್ಕೇ ಜಗಳ ಎದ್ದಿತು: ನಿಮ್ಮ ರಟ್ಟು ನೆಲದಿಂದ ಎಷ್ಟು ಎತ್ತರ? ಮಸಿ ಎಷ್ಟು, ರಸ್ತೆಯ ಮಣ್ಣು ಎಷ್ಟು, ಹೇಗೆ ಬೇರೆ ಮಾಡಿದಿರಿ? ಭಟ್ಟಿಯ ಮಾಲೀಕರ ಮೇಲೆ ತಪ್ಪು ಹೊರಿಸುವ ಮೊದಲು ಆ ಪ್ರಶ್ನೆಗೆ ಉತ್ತರ ಬೇಕಲ್ಲ. ಈ ರಟ್ಟು ದೊಡ್ಡ ಕಣ ಹಿಡಿಯುತ್ತೆ, ಎದೆಯೊಳಗೆ ಇಳಿಯುವ ಸಣ್ಣ ಕಣವನ್ನು ಅಳೆಯುವುದು ಇದರ ಕೈಯಲ್ಲಿ ಆಗದು ಅಂತ ಮಕ್ಕಳೇ ವರದಿಯ ಮೊದಲ ಪುಟದಲ್ಲಿ ಬರೆದರು. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ತನ್ನ ಅಳತೆ ಎಲ್ಲಿಗೆ ನಿಲ್ಲುತ್ತೆ ಅಂತ ಹದಿನಾಲ್ಕು ವರ್ಷದ ಮಗು ಹೇಳುವುದು ಸಣ್ಣ ಮಾತಲ್ಲ.

ಈಗ ಪೋಷಕರಿಗೆ ಎರಡು ಮಾತು. "ಅಂತರರಾಷ್ಟ್ರೀಯ" ಅನ್ನುವ ಪದಕ್ಕೆ ಮಾರುಹೋಗಬೇಡಿ. ನನ್ನ ಪರಿಚಯದ ಒಂದು ಮನೆಯವರು ಸಾಲ ಮಾಡಿ ಮಗನನ್ನು ಇಂಥದೊಂದು ಆನ್‌ಲೈನ್ ಸಂಶೋಧನಾ ಕಾರ್ಯಕ್ರಮಕ್ಕೆ ಸೇರಿಸಿದರು. ಹುಡುಗ ಆರು ವಿಡಿಯೋ ನೋಡಿದ, ಯಾವುದನ್ನೂ ಅಳೆಯಲಿಲ್ಲ, ಒಬ್ಬರ ಹತ್ತಿರವೂ ಮಾತಾಡಲಿಲ್ಲ. ಬಣ್ಣದ ಪ್ರಮಾಣಪತ್ರ ಬಂತು. ಆ ದುಡ್ಡು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ. ನಮ್ಮ ನೆರಳಿನ ಕೆಲಸಕ್ಕೆ ಖರ್ಚಾದದ್ದು ಟೇಪಿಗೆ ಮಾತ್ರ. ಕೋಲು ಮೇಸ್ತ್ರಿಯದು, ಗೋಲಿ ತಮ್ಮನದು. ಸೇರಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ನನ್ನ ಮಗು ತನ್ನ ಕೈಯಿಂದ ಏನನ್ನು ಅಳೆಯುತ್ತೆ? ಅದನ್ನು ಯಾರು ಪ್ರಶ್ನಿಸುತ್ತಾರೆ?

ಇನ್ನೊಂದು, ಹೆಣ್ಣುಮಕ್ಕಳ ತಾಯಂದಿರು ನನ್ನ ಹತ್ತಿರ ಪಕ್ಕಕ್ಕೆ ಕರೆದು ಕೇಳುವ ವಿಷಯ. ಭಯ ಸರಿಯಾದದ್ದೇ. ನಾವು ಮಕ್ಕಳ ಫೋನ್ ನಂಬರ್ ಯಾರಿಗೂ ಕೊಡುವುದಿಲ್ಲ. ಕರೆ ನಡೆಯುವುದು ಎರಡೂ ಕಡೆ ಶಿಕ್ಷಕರು ಇದ್ದಾಗ ಮಾತ್ರ. ಪತ್ರ, ಚಿತ್ರ, ಅಳತೆಯ ಹಾಳೆ ಎಲ್ಲವೂ ಶಿಕ್ಷಕರ ಮೂಲಕ. ಮೊದಲೇ ಪೋಷಕರ ಸಹಿ. ಫೋಟೋ ಹಾಕುವುದಾದರೆ ಕೇಳಿಯೇ ಹಾಕುವುದು, ಬೇಡ ಅಂದರೆ ಬೇಡ. ಇಷ್ಟು ಮಾಡಿದ ಮೇಲೆ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಗೋಲಿ ತಂದವಳು ಹುಡುಗಿ.

ಶಿಕ್ಷಕರಿಗೆ ಹೇಳುವುದಾದರೆ, ನಮಗೆ ಇದು ಪೂರ್ತಿ ಹೊಸದೂ ಅಲ್ಲ. 1993ರಿಂದ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನಮ್ಮೂರಿನ ಸಮಸ್ಯೆ ಹಿಡಿದು, ನಮ್ಮ ಭಾಷೆಯಲ್ಲೇ ಪ್ರಾಜೆಕ್ಟ್ ಮಾಡಿಸಿದ್ದೇವೆ. ಕುದಾಪು­ರದ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಶಿಕ್ಷಕರ ತರಬೇತಿಗೆ ಹೋಗಿಬಂದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಬೇಕಾದ್ದೆಲ್ಲ ನಮ್ಮಲ್ಲಿದೆ. ಒಂದೇ ಕೊರತೆ, ನಮ್ಮ ಅಳತೆಯನ್ನು ಹೊರಗಿನವರ ಮುಂದೆ ಇಟ್ಟು "ಕೇಳಿ" ಅನ್ನುವುದು. ಹತ್ತಿರದವರು ಮುಲಾಜಿಗೆ ಕೇಳುವುದಿಲ್ಲ. ದೂರದ ಮಗುವಿಗೆ ಮುಲಾಜಿಲ್ಲ. ಮಕ್ಕಳ ಬದಲು ನೀವು ಉತ್ತರ ಕೊಡಬೇಡಿ, ಅಷ್ಟು ಸಾಕು. ನನಗೂ ಬಾಯಿ ತುರಿಸುತ್ತೆ. ಗೋಲಿ ಉರುಳಿದ ದಿನ ನಾನೇ ಮುಂದೆ ಬಂದು "ತಾರಸಿಗೆ ಇಳಿಜಾರು ಇರುತ್ತೆ" ಅಂದಿದ್ದರೆ ಆ ಸಂಜೆ ಇರುತ್ತಿರಲಿಲ್ಲ.

ಕೊನೆಗೆ ಒಂದು ಆಹ್ವಾನ. ಅಲ್ಮಾಟಿಯ ಮಕ್ಕಳಿಗೆ ಒಂದು ವಿಷಯ ನಂಬಲು ಆಗುತ್ತಿಲ್ಲ. ನೆರಳೇ ಬೀಳದ ದಿನ ಇರುತ್ತೆ ಅಂತ ನಮ್ಮವರು ಹೇಳಿದ್ದಾರೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ, ಅಂದರೆ 23.4 ಡಿಗ್ರಿಯಿಂದ ಆಚೆ ಇರುವವರಿಗೆ, ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ. ಅವರು ಹುಟ್ಟಿದಾಗಿನಿಂದ ನೆರಳಿಲ್ಲದ ನಡುಹಗಲು ಕಂಡಿಲ್ಲ. ನಮಗೆ ವರ್ಷಕ್ಕೆ ಎರಡು ಸಲ ಬರುತ್ತೆ. ಆಗಸ್ಟಿನದ್ದು ಮೋಡದಲ್ಲಿ ಹೋಗಿಬಿಡುತ್ತೆ, ಏಪ್ರಿಲಿನದ್ದು ಸಿಗುತ್ತೆ. ಏಪ್ರಿಲ್ 28ರ ಆಸುಪಾಸಿನಲ್ಲಿ ಸುಮಾರು 12:22ಕ್ಕೆ ಅದೇ ತಾರಸಿಯ ಮೇಲೆ ಫೋನು ಹಿಡಿದು ಅವರಿಗೆ ನೇರವಾಗಿ ತೋರಿಸುತ್ತೇವೆ. ಅವರು ಆಗಲೇ ಪ್ರಶ್ನೆ ಕಳಿಸಿದ್ದಾರೆ: "ಕೋಲು ನೆಟ್ಟಗೆ ಇಲ್ಲದಿದ್ದರೆ ನೆರಳು ಇಲ್ಲ ಅಂತ ಹೇಗೆ ಹೇಳ್ತೀರಿ?" ಮೇಸ್ತ್ರಿಯ ಮಗಳು ತೂಗುಗುಂಡಿನ ದಾರ ಬದಲಿಸಿ ಇಟ್ಟಿದ್ದಾಳೆ. ನಿಮ್ಮ ನಿಮ್ಮ ಶಾಲೆಯಲ್ಲೂ ಅವತ್ತು ಒಂದು ಕೋಲು ನಿಲ್ಲಿಸಿ, ಹೊಳಲ್ಕೆರೆಯಲ್ಲಿ, ಹಿರಿಯೂರಿನಲ್ಲಿ, ಮೊಳಕಾಲ್ಮೂರಿನಲ್ಲಿ. ಯಾವ ಊರಲ್ಲಿ ಯಾವ ದಿನ ನೆರಳು ಪೂರ್ತಿ ಹೋಯಿತು ಅಂತ ಬರೆದು ಕಳಿಸಿ. ಜೊತೆಗೆ ಒಂದು ಸಾಲು ಇರಲಿ, ನೆಲ ಮಟ್ಟ ಇದೆ ಅಂತ ಹೇಗೆ ನೋಡಿದಿರಿ ಅನ್ನುವುದು. ಅಲ್ಮಾಟಿಯವರು ಅದನ್ನು ಕೇಳಿಯೇ ಕೇಳುತ್ತಾರೆ.